ಓದಿದ ಮೇಲೂ ಅವಮಾನ ತಪ್ಪಲ್ಲ ಅಂದ್ರೆ, ಓದೋದ್ಯಾಕೆ?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಮೆರಿಕದ ಕಪ್ಪು ಜನರ ಬಗ್ಗೆ ಹೇಳುವಾಗ ಬಣ್ಣದ ತಾರತಮ್ಯ, ಕಷ್ಟ, ಕೊನೆಗೆ ಶಿಕ್ಷಣದಿಂದ ಗೆಲುವು ಅಂತ ವಿವರಿಸುತ್ತೇನೆ. ಹೋದ ವಾರ ಒಬ್ಬ ಹುಡುಗ ಎದ್ದು ನಿಂತು, ‘ಮಿಸ್, ನಮ್ಮಣ್ಣ ಎಂ.ಎ. ಮಾಡವ್ನೆ. ಈಗ್ಲೂವೆ ನಮ್ಮೂರ ಹೋಟ್ಲಲ್ಲಿ ಅವ್ನಿಗೆ ಬ್ಯಾರೆ ಲೋಟ. ಓದಿ ಏನ್ ಬಂತು?’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಸಾಹಿತ್ಯ ಇದಕ್ಕೆ ಏನು ಹೇಳುತ್ತದೆ? ಅಮೆರಿಕದ ಪುಸ್ತಕಗಳನ್ನೂ ನಮ್ಮವನ್ನೂ ಒಟ್ಟಿಗೆ ಇಟ್ಟು ಪಾಠ ಮಾಡಬಹುದೇ? ಏನನ್ನು ಓದಿಸಲಿ?

ಉತ್ತರ: ಮೇಡಂ, ಆ ಹುಡುಗ ಪಾಠಕ್ಕೆ ಅಡ್ಡ ಬಂದ ಅಂದುಕೊಳ್ಳಬೇಡಿ. ನೀವು ಪಾಠ ಮಾಡುವ ಪುಸ್ತಕಗಳನ್ನು ಬರೆದವರೆಲ್ಲ ಅವನು ಕೇಳಿದ್ದನ್ನೇ ಕೇಳಿಕೊಂಡವರು. ನಮ್ಮ ಪಠ್ಯಕ್ಕೆ ಬರುವಷ್ಟರಲ್ಲಿ ಆ ಪ್ರಶ್ನೆ ಎಲ್ಲೋ ಉದುರಿಹೋಗುತ್ತದೆ. ‘ಕಷ್ಟಪಟ್ಟು ಓದಿದರು, ದೊಡ್ಡವರಾದರು’ ಅನ್ನುವುದಷ್ಟೇ ಉಳಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಅಣ್ಣನ ಮುಂದೆ ಬೇರೆ ಲೋಟ ಇಟ್ಟದ್ದನ್ನು ನೋಡಿದ ಹುಡುಗನಿಗೆ ಸಾಲದು.

ನಾನು ಮೈಸೂರಿನಲ್ಲಿ ಬಹಳ ಕಾಲ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವನು. ಮಂಡ್ಯ, ಮಳವಳ್ಳಿ, ನಂಜನಗೂಡು, ಚಾಮರಾಜನಗರ ಕಡೆಯಿಂದ ಬಂದ ಹುಡುಗ ಹುಡುಗಿಯರೇ ನನ್ನ ಕ್ಲಾಸಿನಲ್ಲಿ ಜಾಸ್ತಿ. ಅವರಿಗೆ ನಾನು ಯಾವಾಗಲೂ ಮೊದಲು ಓದಿಸುತ್ತಿದ್ದದ್ದು ಫ್ರೆಡರಿಕ್ ಡಗ್ಲಸ್ ಅವರ ಆತ್ಮಕಥೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಡಗ್ಲಸ್ 1818ರ ಸುಮಾರಿಗೆ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿದವರು. ಚಿಕ್ಕ ಹುಡುಗನಿದ್ದಾಗ ಅವರನ್ನು ಬಾಲ್ಟಿಮೋರಿನ ಹ್ಯೂ ಆಲ್ಡ್ ಎಂಬುವರ ಮನೆಗೆ ಕಳಿಸುತ್ತಾರೆ. ಮನೆಯ ಯಜಮಾನಿ ಸೋಫಿಯಾ ಹಿಂದೆ ಗುಲಾಮರನ್ನು ಇಟ್ಟುಕೊಂಡವರಲ್ಲ. ಹುಡುಗನಿಗೆ ಎ ಬಿ ಸಿ ಹೇಳಿಕೊಡುತ್ತಾರೆ. ಮೂರ್ನಾಲ್ಕು ಅಕ್ಷರ ಕೂಡಿಸಿ ಓದಲು ಕಲಿಸುತ್ತಾರೆ. ಗಂಡನಿಗೆ ಗೊತ್ತಾಗುತ್ತದೆ. ಇವನಿಗೆ ಓದು ಬಂದರೆ ಮತ್ತೆ ಗುಲಾಮಗಿರಿಗೆ ಲಾಯಕ್ಕಾಗುವುದಿಲ್ಲ, ಯಜಮಾನನಿಗೂ ಪ್ರಯೋಜನವಿಲ್ಲ, ಇವನಿಗೂ ನೆಮ್ಮದಿ ಇರುವುದಿಲ್ಲ ಅಂತ ಹೆಂಡತಿಯನ್ನು ತಡೆಯುತ್ತಾನೆ. ಮಾತು ಹುಡುಗನ ಕಿವಿಗೆ ಬೀಳುತ್ತದೆ. ಓಹೋ, ದಾರಿ ಇಲ್ಲೇ ಇದೆ ಅಂತ ಅವನಿಗೆ ಹೊಳೆಯುವುದು ಆ ಕ್ಷಣ. ಓದು ಕಲಿತದ್ದಕ್ಕೆ ಯಜಮಾನಿಯ ಒಳ್ಳೆಯತನಕ್ಕೆ ಎಷ್ಟು ಋಣಿಯೋ, ಯಜಮಾನನ ವಿರೋಧಕ್ಕೂ ಹೆಚ್ಚುಕಡಿಮೆ ಅಷ್ಟೇ ಋಣಿ ಅಂತ ಡಗ್ಲಸ್ ಬರೆಯುತ್ತಾರೆ.

ಆಮೇಲಿನ ಕಲಿಕೆಯೆಲ್ಲ ಕದ್ದುಮುಚ್ಚಿ. ಮನೆಯಲ್ಲಿ ಬ್ರೆಡ್ಡು ಬೇಕಾದಷ್ಟು ಸಿಗುತ್ತಿತ್ತು. ಬೀದಿಯ ಬಡ ಬಿಳಿ ಹುಡುಗರಿಗೆ ಅದನ್ನು ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಳ್ಳುತ್ತಿದ್ದರು. ಹಡಗು ಕಟ್ಟುವ ಜಾಗದಲ್ಲಿ ಬಡಗಿಗಳು ಮರದ ತುಂಡಿನ ಮೇಲೆ ಗುರುತಿಗೆ ಬರೆಯುತ್ತಿದ್ದ ಅಕ್ಷರ ನೋಡಿ ಬರೆಯಲು ಕಲಿತರು. ಯಜಮಾನರ ಮಗನ ಹಳೇ ಕಾಪಿ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಜಾಗ ತುಂಬಿಸಿ ಕೈ ಪಳಗಿಸಿಕೊಂಡರು. ಈ ಭಾಗ ಓದಿದರೆ ಯಾವ ಕ್ಲಾಸಾದರೂ ಮೈಯೆಲ್ಲ ಕಿವಿಯಾಗುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಿಸಿ, ಹ್ಯೂ ಆಲ್ಡ್ ಭಯಪಟ್ಟದ್ದು ಯಾಕೆ ಅಂತ ಮಕ್ಕಳನ್ನು ಕೇಳಿ. ಭಯ ಅವನೊಬ್ಬನದಲ್ಲ. ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ಅಂತ ಸೌತ್ ಕೆರೊಲಿನಾದಲ್ಲಿ 1740ರಲ್ಲೇ ಕಾನೂನು ಬಂದಿತ್ತು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರ ದಂಗೆ ಆಯಿತು. ಅದಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಇಂಥ ಕಾನೂನು ಇನ್ನೂ ಬಿಗಿಯಾದವು. ಟರ್ನರ್‌ಗೆ ಓದು ಬರುತ್ತಿತ್ತು. ಓದಿನಿಂದ ಏನೂ ಆಗಲ್ಲ ಅನ್ನುವುದಾದರೆ, ಅಷ್ಟು ಬಲ ಇದ್ದ ಜನ ಒಂದು ಕಾಗುಣಿತಕ್ಕೆ ಹೆದರುತ್ತಿರಲಿಲ್ಲ.

ಪಠ್ಯಪುಸ್ತಕ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತದೆ. ಡಗ್ಲಸ್ ನಿಲ್ಲಿಸುವುದಿಲ್ಲ. ಹನ್ನೆರಡು ವರ್ಷದ ಹೊತ್ತಿಗೆ ಐವತ್ತು ಸೆಂಟ್ ಕೊಟ್ಟು ಭಾಷಣಗಳ ಒಂದು ಪುಸ್ತಕ ಕೊಳ್ಳುತ್ತಾರೆ. ಅದರಲ್ಲಿ ಯಜಮಾನ ಮತ್ತು ಗುಲಾಮನ ನಡುವೆ ಒಂದು ವಾದ. ಗುಲಾಮ ವಾದದಲ್ಲಿ ಗೆದ್ದು ಬಿಡುಗಡೆ ಪಡೆಯುತ್ತಾನೆ. ಓದಿದ ಹುಡುಗನಿಗೆ ಖುಷಿಗಿಂತ ಸಂಕಟವೇ ಜಾಸ್ತಿಯಾಗುತ್ತದೆ. ಹಳ್ಳದಲ್ಲಿ ಬಿದ್ದಿರುವುದು ಕಾಣುತ್ತದೆ, ಹತ್ತಲು ಏಣಿ ಮಾತ್ರ ಇಲ್ಲ ಅನ್ನುತ್ತಾರೆ. ಓದು ಕಲಿತದ್ದು ವರವಲ್ಲ, ಶಾಪ ಅಂತ ಎಷ್ಟೋ ಸಲ ಅನ್ನಿಸಿತು ಅಂತಲೂ ಬರೆಯುತ್ತಾರೆ. ಏನೂ ಓದದ ಜೊತೆಯ ಗುಲಾಮರನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದನ್ನೂ ಮುಚ್ಚಿಡುವುದಿಲ್ಲ. ಅಂದರೆ ಹ್ಯೂ ಆಲ್ಡ್ ಹೇಳಿದ್ದು ನಿಜವಾಯಿತು. ನೆಮ್ಮದಿ ಹೋಯಿತು. 1838ರಲ್ಲಿ ಅವರು ತಪ್ಪಿಸಿಕೊಂಡು ಓಡಿದ್ದು ಆ ನೆಮ್ಮದಿಗೇಡಿನಿಂದಲೇ.

ನಿಮ್ಮ ಹುಡುಗನ ಅಣ್ಣ ಓದದೇ ಇದ್ದಿದ್ದರೆ ಆ ಲೋಟದಲ್ಲಿ ಕಾಫಿ ಕುಡಿದು, ತಾನೇ ತೊಳೆದಿಟ್ಟು, ಸುಮ್ನೆ ಎದ್ದು ಬರುತ್ತಿದ್ದನೋ ಏನೋ. ತಮ್ಮ ಅದನ್ನು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ್ದಾನೆ. ಆ ಮನೆಗೆ ಓದು ಏನು ತಂದಿದೆ ಅನ್ನುವುದರ ಒಂದು ತುದಿ ಇಲ್ಲೇ ಕಾಣುತ್ತದೆ.

ಇದನ್ನೇ ಇನ್ನೂ ಆಳಕ್ಕೆ ತೆಗೆದುಕೊಂಡು ಹೋದವರು ಅಮೆರಿಕದ ಕಪ್ಪು ಲೇಖಕ ಡಬ್ಲ್ಯೂ.ಇ.ಬಿ. ಡುಬೊಯ್ಸ್. 1903ರಲ್ಲಿ ಬಂದ ಅವರ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಪುಸ್ತಕದಲ್ಲಿ ಜಾನ್ ಎಂಬ ಹುಡುಗನ ಕಥೆ ಇದೆ. ಜಾರ್ಜಿಯಾದ ಒಂದು ಸಣ್ಣ ಊರಿನ ಕಪ್ಪು ಹುಡುಗ ದೂರದ ಶಾಲೆಗೆ ಓದಲು ಹೋಗುತ್ತಾನೆ. ಜಾನ್ ಬಂದಾಗ ಹಾಗೆ ಮಾಡೋಣ, ಹೀಗೆ ಮಾಡೋಣ ಅಂತ ಕೇರಿಯೆಲ್ಲ ಕಾಯುತ್ತದೆ. ಏಳು ವರ್ಷ ಆದ ಮೇಲೆ ಬರುತ್ತಾನೆ. ಚರ್ಚಿನಲ್ಲಿ ಎದ್ದು ಮಾತಾಡುತ್ತಾನೆ. ಯಾರಿಗೂ ಅರ್ಥವಾಗುವುದಿಲ್ಲ. ಒಬ್ಬ ಮುದುಕ ಅವನನ್ನು ಎಲ್ಲರೆದುರು ಖಂಡಿಸಿ ಮಾತಾಡುತ್ತಾನೆ. ಬಿಳಿಯರಿಗೆ ಇವನು ಸೊಕ್ಕಿನವನು, ತನ್ನವರಿಗೆ ಇವನು ಪರದೇಶಿ. ನಮ್ಮ ಹಳ್ಳಿಗಳಿಂದ ಮಾನಸಗಂಗೋತ್ರಿಗೆ ಬಂದು ಹಬ್ಬಕ್ಕೆ ಊರಿಗೆ ಹೋದ ಎಷ್ಟೋ ಮಕ್ಕಳಿಗೆ ಈ ಚರ್ಚಿನ ದೃಶ್ಯ ವಿವರಿಸಬೇಕಾಗಿರಲಿಲ್ಲ. ಓದಿದ ಕೂಡಲೇ ತಲೆ ತಗ್ಗಿಸುತ್ತಿದ್ದರು.

ಸಭೆ ಬಿಟ್ಟು ಜಾನ್ ಸಮುದ್ರದ ಕಡೆ ನಡೆಯುತ್ತಾನೆ. ತಂಗಿ ಜೆನ್ನಿ ಹಿಂದೆ ಬರುತ್ತಾಳೆ. ಓದಿ ತುಂಬ ತಿಳಿದುಕೊಂಡವರೆಲ್ಲ ದುಃಖಪಡ್ತಾರಾ ಅಂತ ಕೇಳುತ್ತಾಳೆ. ಹಾಗೇ ಕಾಣುತ್ತೆ ಅನ್ನುತ್ತಾನೆ ಅಣ್ಣ. ಆದರೂ ಓದಿದ್ದಕ್ಕೆ ನಿನಗೆ ಸಂತೋಷ ಇದೆಯಾ ಅನ್ನುತ್ತಾಳೆ. ಹೌದು ಅನ್ನುತ್ತಾನೆ, ನಿಧಾನವಾಗಿ, ಆದರೆ ಖಚಿತವಾಗಿ. ನನಗೂ ಆ ದುಃಖ ಬೇಕು ಅನ್ನುತ್ತಾಳೆ ತಂಗಿ. ಸ್ವಲ್ಪ ಈಗಾಗಲೇ ಬಂದಿದೆ ಅನ್ಸುತ್ತೆ ಅಂತಲೂ ಸೇರಿಸುತ್ತಾಳೆ.

ಶಿಕ್ಷಣದ ಬಗ್ಗೆ ನಾನು ಓದಿದ ಪುಟಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಸಿಕ್ಕಿಲ್ಲ. ಕಥೆ ಸುಖವಾಗಿ ಮುಗಿಯುವುದಿಲ್ಲ. ಜಾನ್ ನಡೆಸುತ್ತಿದ್ದ ಶಾಲೆಯನ್ನು ಊರಿನ ಬಿಳಿ ಜಡ್ಜ್ ಮುಚ್ಚಿಸುತ್ತಾನೆ. ಜೆನ್ನಿಯ ಮೇಲೆ ಕೈ ಹಾಕಿದ ಜಡ್ಜನ ಮಗನನ್ನು ಜಾನ್ ಹೊಡೆದು ಕೊಲ್ಲುತ್ತಾನೆ. ಗುಂಪು ಕುದುರೆ ಏರಿ ಅವನನ್ನು ಕೊಲ್ಲಲು ಬರುತ್ತದೆ. ಡುಬೊಯ್ಸ್ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. ಓದು ಕಾಪಾಡುತ್ತದೆ ಅಂತ ಬರೆಯುವುದು ಅವರಿಗೆ ಸುಲಭವಿತ್ತು. ಬರೆಯಲಿಲ್ಲ.

ಈಗ ಎಂ.ಎ. ಓದಿದ ಅಣ್ಣನ ವಿಷಯ. ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ ಅನ್ನುವ ಚಿಕ್ಕ ಬರಹ ಓದಿಸಿ. ಬಹಳ ಸರಳ ಇಂಗ್ಲಿಷು, ಪಿಯು ಮಕ್ಕಳಿಗೆ ಕಷ್ಟವಾಗದು. ಶಾಲೆಯಲ್ಲಿ ಬೇರೆ ಗೋಣಿತಾಟಿನ ಮೇಲೆ ಕೂತದ್ದು, ಸಂಜೆ ಅದನ್ನು ಮನೆಗೆ ಹೊತ್ತು ತಂದದ್ದು ಅದರಲ್ಲಿದೆ. ನಲ್ಲಿಯನ್ನು ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನು ಬಾರದಿದ್ದರೆ ಬಾಯಾರಿಕೆ. ಇದು ಮಗುವಿನ ಕಥೆ. ಮುಂದೆ ಇನ್ನೊಂದು ಕಥೆ ಬರುತ್ತದೆ. 1917ರಲ್ಲಿ, ಕೊಲಂಬಿಯಾದಲ್ಲಿ ಓದಿ ಲಂಡನ್ನಿನಲ್ಲೂ ಓದು ನಡೆಸಿ ಬಂದ ಮನುಷ್ಯ ಬರೋಡಾದಲ್ಲಿ ಕೆಲಸಕ್ಕೆ ಸೇರುತ್ತಾರೆ. ಇರಲು ಕೋಣೆ ಸಿಗುವುದಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಕೊಟ್ಟು ಉಳಿಯುತ್ತಾರೆ. ಒಂದು ಬೆಳಿಗ್ಗೆ ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕುತ್ತಾರೆ. ಹದಿನೆಂಟು ವರ್ಷ ಕಳೆದರೂ ಅದನ್ನು ನೆನೆದರೆ ಕಣ್ಣೀರು ಬರುತ್ತದೆ ಅಂತ ಅವರೇ ಬರೆದಿದ್ದಾರೆ.

ನಿಮ್ಮ ಹುಡುಗನಿಗೆ ಇದನ್ನು ಕೊಟ್ಟು, ‘ನೋಡು, ಅವರಿಗೂ ಹೀಗೇ ಆಗಿತ್ತು’ ಅಂತ ಬೆನ್ನು ತಟ್ಟಿ ಕೂರಿಸಬೇಡಿ. ಮುಂದಿನ ಮಾತು ಹೇಳಿ. ಕೋಣೆ ಸಿಗದ ಆ ಮನುಷ್ಯ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಓದು ಬರೋಡಾದ ಆ ಬೆಳಗನ್ನು ತಪ್ಪಿಸಲಿಲ್ಲ. ಆದರೆ ಆ ಬೆಳಗಿನಲ್ಲಿ ನಡೆದದ್ದು ಅಪರಾಧ ಅಂತ ದೇಶದ ಕಾನೂನಿನಲ್ಲಿ ಬರೆಸುವ ಕಡೆಗೆ ಹೋಯಿತು.

ಶಾಲೆಯನ್ನೇ ಗುಡಿ ಅಂದುಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಮೇಷ್ಟ್ರುಗಳಿಗಂತೂ ಜಾಸ್ತಿ. ಒಳ್ಳೆಯ ಸಾಹಿತ್ಯ ಇಲ್ಲೂ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಎರಡು ಪೊರಕೆಗಳ ಕಥೆ ಹೇಳುತ್ತೇನೆ. ಒಟ್ಟಿಗೆ ಇಟ್ಟು ಪಾಠ ಮಾಡಬಹುದೇ ಅಂತ ಕೇಳಿದ್ದೀರಲ್ಲ, ಅದಕ್ಕೂ ಇದೇ ಉತ್ತರ.

ಮೊದಲನೆಯದು ಬುಕರ್ ಟಿ. ವಾಷಿಂಗ್ಟನ್ ಅವರದು. ‘ಅಪ್ ಫ್ರಮ್ ಸ್ಲೇವರಿ’, 1901. ಗುಲಾಮರಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ಉಪ್ಪಿನ ಕುಲುಮೆ, ಕಲ್ಲಿದ್ದಲ ಗಣಿಗಳಲ್ಲಿ ದುಡಿದ ಹುಡುಗ. 1872ರಲ್ಲಿ ಹ್ಯಾಂಪ್ಟನ್ ಎಂಬ ಶಾಲೆಗೆ ಬಹುದೂರದಿಂದ, ದಾರಿಯಲ್ಲಿ ಹಸಿದು, ಬೀದಿಯ ಹಲಗೆಯ ಕೆಳಗೆ ಮಲಗಿ ಬಂದು ತಲುಪುತ್ತಾನೆ. ಮುಖ್ಯ ಶಿಕ್ಷಕಿ ಅವನ ಕೊಳಕು ಬಟ್ಟೆ ನೋಡಿ ಏನೂ ಹೇಳುವುದಿಲ್ಲ. ಕೊನೆಗೆ ಪಕ್ಕದ ಕೋಣೆ ಗುಡಿಸು ಅನ್ನುತ್ತಾಳೆ. ಹುಡುಗ ಮೂರು ಸಲ ಗುಡಿಸುತ್ತಾನೆ, ನಾಲ್ಕು ಸಲ ಒರೆಸುತ್ತಾನೆ. ಆಕೆ ಕರವಸ್ತ್ರದಿಂದ ಗೋಡೆ, ಮೇಜು ಉಜ್ಜಿ ನೋಡುತ್ತಾಳೆ. ಒಂದು ಚೂರೂ ದೂಳಿಲ್ಲ. ಸೇರಿಸಿಕೊಳ್ಳುತ್ತಾಳೆ. ಅದೇ ತನ್ನ ಪ್ರವೇಶ ಪರೀಕ್ಷೆ ಅಂತ ವಾಷಿಂಗ್ಟನ್ ಹೆಮ್ಮೆಯಿಂದ ಬರೆಯುತ್ತಾರೆ.

ಎರಡನೆಯದು ಓಂಪ್ರಕಾಶ್ ವಾಲ್ಮೀಕಿ ಅವರ ‘ಜೂಠನ್’, 1997. ಉತ್ತರ ಪ್ರದೇಶದ ಹಳ್ಳಿಯ ಶಾಲೆ. ಗುಡಿಸುವ ಜಾತಿಯ ಹುಡುಗ. ಹೆಡ್‌ಮಾಸ್ಟರ್ ಅವನಿಂದ ಶಾಲೆಯ ಅಂಗಳ ಗುಡಿಸಿಸುತ್ತಾನೆ. ಉಳಿದ ಮಕ್ಕಳು ಒಳಗೆ ಪಾಠ ಕೇಳುತ್ತಿರುತ್ತಾರೆ. ಮೂರನೇ ದಿನ ಆ ದಾರಿಯಲ್ಲಿ ಬಂದ ಅಪ್ಪ ನೋಡುತ್ತಾನೆ. ಪೊರಕೆ ಕಿತ್ತು ಎಸೆದು, ನನ್ನ ಮಗನ ಕೈಲಿ ಕಸ ಗುಡಿಸೋ ಆ ದ್ರೋಣಾಚಾರಿ ಯಾವನು ಅಂತ ಕೂಗುತ್ತಾನೆ.

ಕೆಲಸ ಒಂದೇ. ವಾಷಿಂಗ್ಟನ್‌ಗೆ ಪೊರಕೆ ಬಾಗಿಲು ತೆರೆಯಿತು. ವಾಲ್ಮೀಕಿಗೆ ಅದೇ ಪೊರಕೆ, ‘ನೀನು ಒಳಗೆ ಬಂದರೂ ನಿನ್ನ ಜಾಗ ಹೊರಗೇ’ ಅಂದಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಮಕ್ಕಳು ಚರ್ಚೆ ಮಾಡಲಿ. ಡುಬೊಯ್ಸ್‌ಗೆ ವಾಷಿಂಗ್ಟನ್ ಅವರ ದಾರಿಯ ಬಗ್ಗೆ ತಕರಾರಿತ್ತು. ಕಸುಬಿನ ಶಿಕ್ಷಣ ಸಾಕು, ಹಕ್ಕಿನ ಮಾತು ಆಮೇಲೆ ಅನ್ನುವ ಧೋರಣೆ ಅವರಿಗೆ ಒಪ್ಪಿಗೆ ಆಗಲಿಲ್ಲ. ಅದನ್ನೂ ಹೇಳಿ.

ನಮ್ಮ ಮೈಸೂರಿನದೇ ಮೂರನೇ ಪೊರಕೆ ಒಂದಿದೆ. ಕುವೆಂಪು 1928ರಲ್ಲಿ ಬರೆದ ‘ಜಲಗಾರ’ ನಾಟಕ. ಶಿವನೇ ಜಲಗಾರನಾಗಿ ಬಂದು, ಬೀದಿ ಗುಡಿಸುವವನಿಗೆ ಕಾಣಿಸಿಕೊಳ್ಳುತ್ತಾನೆ. ದೇವಸ್ಥಾನದ ಕಡೆ ನುಗ್ಗುವವರಿಗೆ ಕಾಣಿಸುವುದಿಲ್ಲ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನನಗೆ ಇಷ್ಟವಾದ ನಾಟಕ. ಆದರೆ ‘ಜೂಠನ್’ ಓದಿದ ಮೇಲೆ ಮತ್ತೆ ಓದಿದರೆ, ಶಿವ ಬಂದು ಹೋದ ಮೇಲೂ ಪೊರಕೆ ಅದೇ ಕೈಯಲ್ಲಿ ಉಳಿಯಿತಲ್ಲ ಅನ್ನಿಸುತ್ತದೆ. ಕುವೆಂಪು ಅವರೇ ಮುಂದೆ ಆ ಪ್ರಶ್ನೆಯನ್ನು ಓದಿನ ಕಡೆಗೆ ತಿರುಗಿಸಿದರು. 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕಥೆ ಬದಲಾಯಿತು. 1947ರ ‘ಬೆರಳ್‌ಗೆ ಕೊರಳ್’ನಲ್ಲಿ ಏಕಲವ್ಯ ಬಂದ. ಹಳಗನ್ನಡದ ಛಾಯೆ ಇರುವ ಭಾಷೆ, ಮಕ್ಕಳಿಗೆ ಸ್ವಲ್ಪ ಭಾರ. ಕಥೆ ಹೇಳಿ, ಕೆಲವು ಸಾಲು ಓದಿದರೆ ಸಾಕು. ಉತ್ತರ ಪ್ರದೇಶದ ಒಬ್ಬ ಅಪ್ಪ ಸಿಟ್ಟಿನಲ್ಲಿ ದ್ರೋಣನ ಹೆಸರು ಕೂಗಿದ್ದು, ಮೈಸೂರಿನ ಕವಿ ದ್ರೋಣನನ್ನು ಕಟಕಟೆಗೆ ತಂದದ್ದು, ಇವೆರಡೂ ಒಂದೇ ಗಾಯದಿಂದ ಬಂದದ್ದು ಅಂತ ಅವರಿಗೆ ತಾನಾಗಿಯೇ ತಿಳಿಯುತ್ತದೆ.

‘ಜೂಠನ್’ನಲ್ಲಿ ಇನ್ನೊಂದು ಪ್ರಸಂಗ ಇದೆ, ಅದನ್ನು ಬಿಡಬೇಡಿ. ದ್ರೋಣ ಬಡತನದಲ್ಲಿ ಮಗ ಅಶ್ವತ್ಥಾಮನಿಗೆ ಹಾಲಿನ ಬದಲು ಹಿಟ್ಟು ಕಲಸಿದ ನೀರು ಕೊಟ್ಟ ಕಥೆಯನ್ನು ಮೇಷ್ಟ್ರು ಗದ್ಗದರಾಗಿ ಹೇಳುತ್ತಾರೆ. ಹುಡುಗ ಎದ್ದು, ನಾವು ಗಂಜಿನೀರು ಕುಡಿದು ಬೆಳೆದೆವಲ್ಲ, ನಮ್ಮ ಬಗ್ಗೆ ಯಾವ ಮಹಾಕಾವ್ಯದಲ್ಲೂ ಯಾಕಿಲ್ಲ ಅಂತ ಕೇಳುತ್ತಾನೆ. ನಿನ್ನ ಬೆನ್ನ ಮೇಲೆ ಮಹಾಕಾವ್ಯ ಬರೀತೀನಿ ಅಂತ ಮೇಷ್ಟ್ರು ಬೆತ್ತ ತೆಗೆಯುತ್ತಾರೆ. ನಿಮ್ಮ ಕ್ಲಾಸಿನಲ್ಲೂ ಒಬ್ಬ ಎದ್ದು ನಿಂತು ಕೇಳಿದ. ನೀವು ಬೆತ್ತ ತೆಗೆಯಲಿಲ್ಲ, ನನಗೆ ಬರೆದಿರಿ.

ಆ ಅಪ್ಪ ಮಗನಿಗೆ, ಓದಿ ಜಾತಿ ಸುಧಾರಿಸಬೇಕು ಅಂತ ಹೇಳುತ್ತಲೇ ಇರುತ್ತಾನೆ. ಓದಿದರೆ ಜಾತಿ ಸುಧಾರಿಸುವುದಿಲ್ಲ, ಅದು ಹುಟ್ಟಿನಿಂದ ಮಾತ್ರ ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ ಅಂತ ಲೇಖಕರು ಬರೆಯುತ್ತಾರೆ. ನಿಮ್ಮ ಹುಡುಗ ಹೇಳಿದ್ದೂ ಅದೇ, ಅಲ್ವಾ?

ಮಾಯಾ ಏಂಜೆಲೋ ಅವರ 1969ರ ಆತ್ಮಕಥೆಯಿಂದ ಒಂದೇ ಒಂದು ಅಧ್ಯಾಯ ಸಾಕು. ಎಂಟನೇ ತರಗತಿ ಮುಗಿಸಿದವರ ಸಮಾರಂಭ. ಕಪ್ಪು ಮಕ್ಕಳ ಶಾಲೆ, ಹೊಸ ಬಟ್ಟೆ, ಸಂಭ್ರಮ. ಬಿಳಿ ಅತಿಥಿಯೊಬ್ಬ ಬಂದು, ಬಿಳಿ ಮಕ್ಕಳ ಶಾಲೆಗೆ ಹೊಸ ಸೂಕ್ಷ್ಮದರ್ಶಕ ಬರುತ್ತದೆ ಅನ್ನುತ್ತಾನೆ. ನಿಮ್ಮ ಶಾಲೆಯಿಂದ ಒಳ್ಳೆಯ ಆಟಗಾರರು ಬಂದಿದ್ದಾರೆ ಅಂತ ಹೊಗಳುತ್ತಾನೆ. ಹೊಗಳಿಕೆಯೇ ಅಲ್ಲಿ ಅವಮಾನ. ನೀವು ಓಡಿ, ಎಗರಿ, ವಿಜ್ಞಾನ ನಿಮಗಲ್ಲ. ಸಭೆ ಕುಸಿದು ಕೂತಿರುತ್ತದೆ. ಆಗ ಮೊದಲ ಸ್ಥಾನ ಪಡೆದ ಹುಡುಗ ವೇದಿಕೆಯಲ್ಲಿ ತಿರುಗಿ ನಿಂತು ತಮ್ಮ ಜನರ ಹಾಡು ಎತ್ತುತ್ತಾನೆ. ಎಲ್ಲರೂ ದನಿಗೂಡಿಸುತ್ತಾರೆ. ನಮ್ಮಲ್ಲೂ ‘ಪರವಾಗಿಲ್ಲ, ನಿಮ್ಮೋರು ಚೆನ್ನಾಗಿ ಡೊಳ್ಳು ಬಡೀತಾರೆ’ ಅನ್ನುವ ಅತಿಥಿಗಳು ಇದ್ದಾರೆ.

ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿಸಲೇಬೇಕು. ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ. ನೋಡುವ ಹುಡುಗನಿಗೆ ಮೊದಲು ತಮಾಷೆ. ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಅಂತ ತಿಳಿದಾಗ ತಮಾಷೆ ಇಂಗಿಹೋಗುತ್ತದೆ. ಪುಸ್ತಕದಲ್ಲಿ ಅಳು ಬಹಳ ಕಮ್ಮಿ, ನಗು ಬಹಳ ಜಾಸ್ತಿ. ಸ್ಮಶಾನದಲ್ಲಿ ಕೂತು ಓದಿದ್ದನ್ನೂ ಅವರು ನಗುನಗುತ್ತಾ ಹೇಳುತ್ತಾರೆ. ಕಷ್ಟದ ಕಥೆ ಅಂದರೆ ಕರುಣೆ ಹುಟ್ಟಿಸಬೇಕು ಅಂತ ಕಾಯುವ ಓದುಗರಿಗೆ ಈ ನಗು ಸ್ವಲ್ಪ ಇರಿಸುಮುರಿಸು ತರುತ್ತದೆ. ತರಲಿ. ಮಾನಸಗಂಗೋತ್ರಿಯಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಅರವಿಂದ ಮಾಲಗತ್ತಿ ತಮ್ಮ ಆತ್ಮಕಥೆಗೆ ‘ಗವರ್ನಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟರು. ಮೀಸಲಾತಿಯಲ್ಲಿ ಓದಿದವರನ್ನು ಚುಚ್ಚಲು ಬಳಸುತ್ತಿದ್ದ ಮಾತು ಅದು. ಚುಚ್ಚಿದವರ ಕೈಯಿಂದಲೇ ಮುಳ್ಳು ಕಿತ್ತುಕೊಂಡು ಪುಸ್ತಕದ ಮೇಲೆ ಹಚ್ಚಿದರು.

ಈ ಪುಸ್ತಕಗಳು ಎಲ್ಲಿಂದಲೋ ಉದುರಿದವಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲೇ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅನ್ನುವ ಮಾತಾಡಿದರು. ಗಲಾಟೆ ರಾಜ್ಯವೆಲ್ಲ ಹಬ್ಬಿತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ವಿದ್ಯಾರ್ಥಿಗಳು ಅವರ ಪರ ನಿಂತರು, ಕೆಲವೆಡೆ ಏಟು ತಿಂದರು. ಸಂಘಟನೆ, ಸಾಹಿತ್ಯ ಎರಡಕ್ಕೂ ಅಲ್ಲಿಂದ ಕಾವು ಬಂತು. ಮಾತು ಒರಟಾಗಿತ್ತು ನಿಜ. ಆದರೆ ನಮ್ಮ ಗಂಜಿನೀರು ಯಾವ ಕಾವ್ಯದಲ್ಲಿದೆ ಅಂತ ಕೇಳಿದ ಹುಡುಗನ ಪ್ರಶ್ನೆಯೇ ಅದರೊಳಗೂ ಇತ್ತು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಬೇಕು. ಓದುವ ಛಲ ಒಂದೇ ಸಾಲದು, ಓದುವ ಜಾಗವೂ ಬೇಕು. ರಿಚರ್ಡ್ ರೈಟ್ ಅವರ 1945ರ ‘ಬ್ಲ್ಯಾಕ್ ಬಾಯ್’ನಲ್ಲಿ ಮೆಂಫಿಸ್ ನಗರದ ಗ್ರಂಥಾಲಯ ಕಪ್ಪು ಜನರಿಗೆ ಪುಸ್ತಕ ಕೊಡುವುದಿಲ್ಲ. ಹುಡುಗ ಒಬ್ಬ ಬಿಳಿ ಸಹೋದ್ಯೋಗಿಯ ಕಾರ್ಡು ಇಸಕೊಂಡು, ಅವನೇ ಬರೆದಂತೆ ಚೀಟಿ ಬರೆದುಕೊಂಡು ಹೋಗಿ, ತಾನು ಬರೀ ಆಳು ಅನ್ನುವಂತೆ ನಟಿಸಿ ಪುಸ್ತಕ ತರುತ್ತಾನೆ. ನಮ್ಮ ಆತ್ಮಕಥೆಗಳಲ್ಲಿ ಗ್ರಂಥಾಲಯದ ಜಾಗದಲ್ಲಿ ಹಾಸ್ಟೆಲ್ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ದಾರಿ ಅಲ್ಲಿಂದ ತೆರೆಯಿತು. ಇಂಥ ಏರ್ಪಾಡುಗಳನ್ನು ಬಿಟ್ಟು ‘ಛಲದಿಂದ ಗೆದ್ದ’ ಅಂತ ಮಾತ್ರ ಹೇಳಿದರೆ, ಗೆಲ್ಲದವರೆಲ್ಲ ಸೋಮಾರಿಗಳು ಅಂತ ಆಗುತ್ತದೆ.

ಬರೆಯುವ ಕೈಯ ಬಗ್ಗೆಯೂ ಎರಡು ಮಾತು. ಫಿಲಿಸ್ ವೀಟ್ಲಿ ಎಂಬ ಹುಡುಗಿಯನ್ನು 1761ರಲ್ಲಿ ಗುಲಾಮರ ಹಡಗಿನಲ್ಲಿ ಬೋಸ್ಟನ್ನಿಗೆ ತಂದು ಮಾರಿದರು. ಹಡಗಿನ ಹೆಸರೇ ಅವಳ ಹೆಸರಾಯಿತು. 1773ರಲ್ಲಿ ಅವಳ ಕವಿತೆಗಳು ಅಚ್ಚಾದಾಗ, ಇವನ್ನು ಇವಳೇ ಬರೆದದ್ದು ಅಂತ ಬೋಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿದ ಪತ್ರವನ್ನು ಜೊತೆಗೆ ಸೇರಿಸಬೇಕಾಯಿತು. ಡಗ್ಲಸ್ ಎಷ್ಟು ಚೆನ್ನಾಗಿ ಭಾಷಣ ಮಾಡುತ್ತಿದ್ದರು ಅಂದರೆ, ಇವನು ಗುಲಾಮನಾಗಿದ್ದೇ ಸುಳ್ಳು ಅಂತ ಜನ ಅನುಮಾನಪಟ್ಟರು. ಅದಕ್ಕೇ 1845ರಲ್ಲಿ ಯಜಮಾನರ ಹೆಸರು, ಊರು ಎಲ್ಲ ಬರೆದು ಪುಸ್ತಕ ತಂದರು. ಆಮೇಲೆ ಹಿಡಿದೊಯ್ದಾರು ಎಂಬ ಭಯದಿಂದ ದೇಶ ಬಿಟ್ಟು ಬ್ರಿಟನ್ನಿಗೆ ಹೋಗಬೇಕಾಯಿತು. ಓದದಿದ್ದರೆ ದಡ್ಡ, ಓದಿದರೆ ಸುಳ್ಳುಗಾರ! ‘ಮೀಸಲಾತಿಯಲ್ಲಿ ಬಂದೋರು’ ಅನ್ನುವ ನಮ್ಮ ಸ್ಟಾಫ್ ರೂಮಿನ ಪಿಸುಮಾತು ಇದೇ ವಂಶದ್ದು.

ನೈಜೀರಿಯಾದ ಚಿನುವಾ ಅಚಿಬೆ ಅವರ 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕೊನೆಯಲ್ಲಿ, ನಾಯಕನ ಸಾವು ಬ್ರಿಟಿಷ್ ಅಧಿಕಾರಿಗೆ ತಾನು ಬರೆಯಲಿರುವ ಪುಸ್ತಕದ ಒಂದು ಪ್ಯಾರಾ ಮಾತ್ರ. ಅದೇ ನೆಲದಲ್ಲಿ, ಅದೇ ಬಿಳಿಯರ ಶಾಲೆಯಲ್ಲಿ ಓದಿದ ಅಚಿಬೆ ಆ ಒಂದು ಪ್ಯಾರಾವನ್ನು ಇಡೀ ಕಾದಂಬರಿ ಮಾಡಿದರು. ಶಾಲೆ ಅಲ್ಲಿ ಕುಲವನ್ನು ಒಡೆಯುತ್ತದೆ. ಊರು ದೂರ ಇಟ್ಟಿದ್ದ ಓಸು ಜನರಿಗೆ ಮಿಷನರಿಗಳೇ ಬಾಗಿಲು ತೆರೆಯುತ್ತಾರೆ. ಎರಡೂ ನಿಜ. ಅಚಿಬೆ ಯಾವುದನ್ನೂ ಮುಚ್ಚಿಡುವುದಿಲ್ಲ.

ಹಾರ್ಪರ್ ಲೀ ಅವರ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಲ್ಲರೂ ಹೇಳುವ ಪುಸ್ತಕ. ಓದಿಸಿ, ಆದರೆ ಅದರಿಂದಲೇ ಶುರು ಮಾಡಬೇಡಿ. ಅನ್ಯಾಯ ಆಗುವುದು ಕಪ್ಪು ಮನುಷ್ಯನಿಗೆ, ಮನಸ್ಸು ಕಾಣುವುದು ಬಿಳಿ ಕುಟುಂಬದ್ದು. ಎರಡು ಜಾಗ ಮಾತ್ರ ಬಹಳ ಚೆನ್ನಾಗಿವೆ. ಹಿಟ್ಲರ್ ಯೆಹೂದಿಗಳಿಗೆ ಮಾಡಿದ್ದು ತಪ್ಪು ಅಂತ ಕ್ಲಾಸಿನಲ್ಲಿ ಬಿಸಿಯಾಗಿ ಪಾಠ ಮಾಡುವ ಟೀಚರ್, ಕೋರ್ಟಿನ ಮೆಟ್ಟಿಲ ಮೇಲೆ ಕಪ್ಪು ಜನರ ಬಗ್ಗೆ ‘ಇವರಿಗೆ ಬುದ್ಧಿ ಕಲಿಸಬೇಕು’ ಅನ್ನುತ್ತಾಳೆ. ಅದು ಮಕ್ಕಳಿಗಿಂತ ನಮಗೆ ಬೇಕಾದ ಪಾಠ. ಇನ್ನೊಂದು, ಅಡುಗೆಯ ಕ್ಯಾಲ್ಪುರ್ನಿಯಾ. ಓದು ಬಲ್ಲ ಆಕೆ ಬಿಳಿಯರ ಮನೆಯಲ್ಲಿ ಒಂದು ಇಂಗ್ಲಿಷ್, ತನ್ನವರ ಚರ್ಚಿನಲ್ಲಿ ಇನ್ನೊಂದು ಇಂಗ್ಲಿಷ್ ಆಡುತ್ತಾಳೆ. ಮನೆಯಲ್ಲಿ ‘ಏನ್ಲಾ’ ಅಂತ, ಕಾಲೇಜಿನಲ್ಲಿ ಗ್ರಂಥದ ಹಾಗೆ ಮಾತಾಡುವ ನಮ್ಮ ಮಕ್ಕಳಿಗೆ ಇದು ಗೊತ್ತು. ದೇವನೂರ ಮಹಾದೇವ ಆ ಕೇರಿಯ ಮಾತನ್ನೇ ‘ಕುಸುಮಬಾಲೆ’ಯ ಭಾಷೆ ಮಾಡಿದರು. ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ಆಗ ಜೋಕು ಹುಟ್ಟಿತ್ತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬಣ್ಣ ಮತ್ತು ಜಾತಿ ಒಂದೇ ಅಂತ ಮಾತ್ರ ಹೇಳಬೇಡಿ. ಇತಿಹಾಸ ಬೇರೆ, ನಡೆಯುವ ರೀತಿ ಬೇರೆ. ಆದರೆ ಎರಡನ್ನೂ ಅನುಭವಿಸಿದವರು ಒಬ್ಬರನ್ನೊಬ್ಬರು ಮೊದಲೇ ಗುರುತಿಸಿದ್ದರು. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಡುಬೊಯ್ಸ್‌ಗೆ ಪತ್ರ ಬರೆದರು, ಅವರು ಉತ್ತರಿಸಿದರು. ಈ ಎಳೆ ಹಿಡಿದು ಪಾಠ ಮಾಡಿದರೆ ಸಾಕು.

ಕ್ಲಾಸಿನಲ್ಲಿ ಒಂದು ಎಚ್ಚರ. ದಲಿತ ಮಕ್ಕಳನ್ನು ಎಬ್ಬಿಸಿ ‘ನಿನ್ನ ಅನುಭವ ಹೇಳು’ ಅನ್ನಬೇಡಿ. ಹೇಳಬೇಕು ಅನ್ನಿಸಿದಾಗ ನಿಮ್ಮ ಹುಡುಗನ ಹಾಗೆ ಅವರೇ ಹೇಳುತ್ತಾರೆ. ಬದಲಿಗೆ ಉಳಿದ ಮಕ್ಕಳಿಗೆ ಕೆಲಸ ಕೊಡಿ. ಆ ಹೆಡ್‌ಮಾಸ್ಟರ್, ಆ ಟೀಚರ್, ಹ್ಯೂ ಆಲ್ಡ್, ಇವರೆಲ್ಲ ತಮ್ಮನ್ನು ತಾವು ಒಳ್ಳೆಯವರು ಅಂತಲೇ ಯಾಕೆ ಅಂದುಕೊಂಡಿದ್ದರು ಅಂತ ಒಂದು ಪುಟ ಬರೆಯಲಿ. ಒಂದೇ ಪೀರಿಯಡ್ ಇದ್ದರೆ ಜಾನ್ ಮತ್ತು ಜೆನ್ನಿಯ ಮಾತುಕತೆ, ‘ಊರು ಕೇರಿ’ಯ ನೊಗದ ಪುಟ. ಎರಡು ಇದ್ದರೆ ಎರಡು ಪೊರಕೆಗಳನ್ನೂ ಸೇರಿಸಿ.

ಕೊನೆಗೆ ಆ ಲೋಟ. ಅದು ಸಾಹಿತ್ಯದ ವಿಷಯ ಮಾತ್ರ ಅಲ್ಲ. ಹೋಟೆಲಿನಲ್ಲಿ ಜಾತಿ ನೋಡಿ ಬೇರೆ ಲೋಟ ಇಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ದೂರು ಕೊಡಬೇಕೋ ಬೇಡವೋ ಅನ್ನುವುದು ಆ ಮನೆಯವರ ತೀರ್ಮಾನ. ನಾಳೆಯೂ ಅದೇ ಊರಲ್ಲಿ ಬಾಳಬೇಕಾದವರು ಅವರು. ನೀವಾಗಿ ಮುಂದೆ ಬಿದ್ದು ಅವರನ್ನು ಸಿಕ್ಕಿಸಬೇಡಿ. ಹುಡುಗನನ್ನು ಒಬ್ಬನೇ ಇದ್ದಾಗ ಕರೆದು, ಪೊಲೀಸ್ ಠಾಣೆಗೂ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೂ ಹೋಗಬಹುದು ಅಂತ ತಿಳಿಸಿ. ಅಣ್ಣನಿಗೆ ಜೊತೆಗೆ ಬರುವವರು ಬೇಕೆಂದರೆ ಹೋಗಲು ನೀವು ಸಿದ್ಧರಿದ್ದೀರಾ ಅಂತ ಮೊದಲೇ ಯೋಚಿಸಿಕೊಂಡು ಕರೆಯಿರಿ. ಅವನು ಅದನ್ನೇ ಕೇಳಬಹುದು.